ಕಿಡಿಯ ಮುಹೂರ್ತ

ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಮುಹೂರ್ತವನ್ನು ಗೊತ್ತುಮಾಡಲು ಪಂಚಾಂಗವಿದೆ, ಜೋಯಿಸರಿದ್ದಾರೆ. ಅರ್ಧ ಗಳಿಗೆ ಮೀರಿತೆಂದು ಮದುವೆಯೇ ನಿಂತುಹೋದುದನ್ನು ಕಂಡವರು ವಿರಳ. ಆದರೆ ಮೋಟಾರು ಕಾರಿನ ಎಂಜಿನ್ನಿನೊಳಗೆ ನಿಮಿಷಕ್ಕೆ ಸಾವಿರಾರು ಬಾರಿ ಒದಗಿಬರುವ ಮುಹೂರ್ತವೊಂದುಂಟು. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಎಂಜಿನ್ನು ಕ್ಷಮಿಸುವುದಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯಂಗಳದಲ್ಲಿ ಅಂಬಾಸಿಡರ್ ಕಾರೊಂದು ನಿಂತಿದೆ. ಆ ಜಾತಿಯ ಕಾರುಗಳ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿಯೇ ನಿಂತುಹೋಯಿತು. ಇದಂತೂ ಅದಕ್ಕಿಂತ ಎಷ್ಟೋ ಹಿರಿಯದು. ನಿವೃತ್ತ ಬ್ಯಾಂಕ್ ಅಧಿಕಾರಿಗಳಾದ ರಾಯರಿಗೆ ಅದರ ಮೇಲೆ ಪ್ರಾಣ. ಆದರೆ ಕೆಲವು ವಾರಗಳಿಂದ ಕಾರು ಸಣ್ಣ ಏರು ಕಂಡರೂ ಏದುಸಿರು ಬಿಡುತ್ತಿತ್ತು. ರೇಡಿಯೇಟರಿನ ನೀರು ಕುದಿಯುತ್ತಿತ್ತು. ಪೆಟ್ರೋಲಿನ ಖರ್ಚು ಸದ್ದಿಲ್ಲದೆ ಏರಿತ್ತು. ಅದರ ನಾಡಿ ಬಲ್ಲ ಮೆಕ್ಯಾನಿಕ್ಕು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಹೊಸ ಗ್ಯಾರೇಜಿನ ಹುಡುಗರು ಬಾನೆಟ್ ಎತ್ತಿ, ಕಂಪ್ಯೂಟರಿನ ತಂತಿ ಸಿಕ್ಕಿಸುವ ಜಾಗವೆಲ್ಲಿ ಎಂದು ಹುಡುಕಿ, ನಕ್ಕು ಮುಚ್ಚಿದರು.

“ಈ ತಿಂಗಳು ಕಳೆಯುವುದರೊಳಗೆ ಅದು ಚಾಮುಂಡಿ ಬೆಟ್ಟ ಹತ್ತದಿದ್ದರೆ ಗುಜರಿಯವನಿಗೆ ಹೇಳಿಕಳಿಸುತ್ತೇನೆ, ನೋಡಿ,” ಎಂದು ಮನೆಯಾಕೆ ತೀರ್ಪು ಕೊಟ್ಟರು. ಅದಕ್ಕೆ ಮೇಲ್ಮನವಿಯಿಲ್ಲವೆಂಬುದು ರಾಯರಿಗೆ ಗೊತ್ತು. ಭಾನುವಾರ ಬೆಳಗ್ಗೆ ಕಾಫಿ ಮುಗಿಸಿ, ಹಳೆಯ ಪಂಚೆಯನ್ನು ಮೇಲೆ ಕಟ್ಟಿ, ಮೊಮ್ಮಗಳನ್ನು ಕರೆದುಕೊಂಡು ಅವರು ಅಂಗಳಕ್ಕಿಳಿದರು.

ಹುಡುಗಿ ರಸಾಯನಶಾಸ್ತ್ರದ ವಿದ್ಯಾರ್ಥಿನಿ; ಪ್ರಶ್ನೆ ಕೇಳದೆ ಕೈ ಮಸಿ ಮಾಡಿಕೊಳ್ಳುವವಳಲ್ಲ. “ತಾತ, ಪಿಸ್ಟನ್ನು ಮೇಲೆ ಬರುವುದಕ್ಕೆ ಮುಂಚೆಯೇ ಕಿಡಿ ಹಾರಬೇಕೆನ್ನುತ್ತೀರಿ. ಹಾಗಾದರೆ ಬೆಂಕಿ ಅದನ್ನು ಹಿಂದಕ್ಕೆ ನೂಕುವುದಿಲ್ಲವೆ?”

ಪ್ರಶ್ನೆ ಸರಿಯಾದುದೇ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಪಟಾಕಿಯಂತೆ ಒಮ್ಮೆಗೇ ಸಿಡಿಯುವುದಿಲ್ಲ. ಕಿಡಿ ತಾಗಿದ ಮೂಲೆಯಿಂದ ಜ್ವಾಲೆ ಹರಡಿಕೊಳ್ಳಬೇಕು. ಅದಕ್ಕೆ ಸೆಕೆಂಡಿನ ಸಾವಿರದ ಕೆಲವು ಪಾಲು ಕಾಲ ಹಿಡಿಯುತ್ತದೆ. ಪಿಸ್ಟನ್ನು ತುದಿಯನ್ನು ದಾಟಿ ಇಳಿಯತೊಡಗಿದ ಸ್ವಲ್ಪದರಲ್ಲಿಯೇ ಒತ್ತಡ ಪರಾಕಾಷ್ಠೆಗೆ ಬರಬೇಕಾದರೆ ಕಿಡಿ ಮೊದಲೇ ಹೊರಡಬೇಕು. ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಕ್ರ್ಯಾಂಕು ಸುಮಾರು 5 ಡಿಗ್ರಿ ಸರಿಯುತ್ತದೆ. 3000 ಸುತ್ತಿನಲ್ಲಿ ಅಷ್ಟೇ ಕಾಲಕ್ಕೆ 18 ಡಿಗ್ರಿ. ಆದುದರಿಂದ ವೇಗ ಹೆಚ್ಚಿದಂತೆ ಕಿಡಿಯೂ ಮುಂದಾಗಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತೂಕದ ಗುಂಡುಗಳು ವೇಗಕ್ಕೆ ಹೊರಕ್ಕೆ ಚಾಚಿ ಆ ಕೆಲಸವನ್ನು ತಾವೇ ನಿರ್ವಹಿಸುತ್ತವೆ. ಮನುಷ್ಯನು ಗೊತ್ತುಮಾಡಬೇಕಾದುದು ಆರಂಭದ ನೆಲೆಯೊಂದನ್ನೇ.

ಹಿಂದೆ ಹೀಗಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟಿಯರಿಂಗಿನ ಎಡಕ್ಕಿದ್ದ ಸನ್ನೆಯಿಂದ ಚಾಲಕನೇ ಕಿಡಿಯನ್ನು ಹಿಂದುಮುಂದು ಮಾಡುತ್ತಿದ್ದನು. ಹ್ಯಾಂಡಲು ತಿರುಗಿಸಿ ಎಂಜಿನ್ನು ಎಬ್ಬಿಸುವಾಗ ಸನ್ನೆಯನ್ನು ಹಿಂದಕ್ಕೆ ಎಳೆಯಲು ಮರೆತನೋ, ಅವಧಿಗೆ ಮುನ್ನ ಹತ್ತಿದ ಬೆಂಕಿ ಹ್ಯಾಂಡಲನ್ನು ತಿರುಗಿ ಒದೆಯುತ್ತಿತ್ತು. ಹೀಗೆ ಮಣಿಕಟ್ಟು ಮುರಿದುಕೊಂಡವರು ಎಷ್ಟು ಮಂದಿಯೆಂದರೆ, ಅಲ್ಲಿನ ಮೂಳೆಯ ಒಂದು ಬಗೆಯ ಮುರಿತಕ್ಕೆ ಇಂದಿಗೂ ವೈದ್ಯರ ಪುಸ್ತಕಗಳಲ್ಲಿ ಕಾರುಚಾಲಕನ ಹೆಸರೇ ಉಳಿದಿದೆ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಮಣಿಕಟ್ಟುಗಳಿಗೆ ಕ್ರಮೇಣ ಅಭಯ ದೊರೆಯಿತು.

ರಾಯರು ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟನ್ನು ನೋಡಿದರು. ರೋಗದ ಮೂಲ ಅಲ್ಲಿತ್ತು. ಪಾಯಿಂಟಿನ ತುಣುಕೊಂದು ತಿರುಗುವ ಕ್ಯಾಮಿಗೆ ಸದಾ ಉಜ್ಜಿಕೊಂಡಿರುತ್ತದೆ. ಅದು ಸವೆದಂತೆ ಪಾಯಿಂಟು ತೆರೆದುಕೊಳ್ಳುವುದು ತಡವಾಗುತ್ತದೆ. ತೆರೆದ ಕ್ಷಣವೇ ಕಿಡಿಯ ಕ್ಷಣವಾದುದರಿಂದ ಕಿಡಿಯೂ ತಡವಾಗುತ್ತದೆ. ಯಾರೂ ಕೈಯಿಡದಿದ್ದರೂ ಮುಹೂರ್ತ ಜಾರುವುದು ಹೀಗೆ. ಫೀಲರ್ ಗೇಜಿನ ಎಲೆಯನ್ನು ತೂರಿಸಿ ಅಂತರವನ್ನು ಅಂಗುಲದ ಸಾವಿರದಲ್ಲಿ 15 ಪಾಲಿಗೆ ನಿಲ್ಲಿಸಿದರು. ಇದನ್ನು ಬಿಟ್ಟು ಮೊದಲೇ ಟೈಮಿಂಗಿಗೆ ಕೈ ಹಾಕುವವರುಂಟು. ಅಂತರ ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಅವರ ಶ್ರಮವೆಲ್ಲ ನೀರಿನಲ್ಲಿ ಹೋಮ.

ಬಳಿಕ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಕಾರನ್ನು ಟಾಪ್ ಗೇರಿಗೆ ಹಾಕಿ, ರಾಯರು ಒಂದನೆಯ ಸಿಲಿಂಡರಿನ ರಂಧ್ರದ ಮೇಲೆ ಹೆಬ್ಬೆರಳಿಟ್ಟರು. ಮೊಮ್ಮಗಳು ಹಿಂದಿನಿಂದ ತಳ್ಳಿದಳು. ಪಿಸ್ಟನ್ನು ಒಂದು ಆವರ್ತದಲ್ಲಿ ಎರಡು ಬಾರಿ ಮೇಲೆ ಬರುತ್ತದೆ. ಒಂದು ಸಲ ಹೊಗೆಯನ್ನು ಹೊರದೂಡಲು, ಇನ್ನೊಂದು ಸಲ ಮಿಶ್ರಣವನ್ನು ಅದುಮಲು. ಬೇಕಾದುದು ಎರಡನೆಯದು, ಆಗ ಗಾಳಿ ಬೆರಳನ್ನೇ ಎತ್ತಿ ಹಾಕುತ್ತದೆ.

“ಬಂತು ಮಗು, ಇನ್ನು ಮೆಲ್ಲಗೆ!”

ಮೆಲ್ಲಗೆ ಎಂದರೂ ಉತ್ಸಾಹದಲ್ಲಿ ಅವಳು ತಳ್ಳಿದ್ದು ಅತಿಯಾಯಿತು. ಪುಲ್ಲಿಯ ಕಚ್ಚು ಎದುರಿನ ಗುರುತನ್ನು ದಾಟಿತು. ಹಲ್ಲುಚಕ್ರಗಳ ನಡುವೆ ಸಡಿಲವಿರುವುದರಿಂದ ಹಾಗೆಯೇ ಕೊಂಚ ಹಿಂದಕ್ಕೆ ಸರಿಸಿದರೆ ಲೆಕ್ಕ ತಪ್ಪುತ್ತದೆ. ಕಾರನ್ನು ಚೆನ್ನಾಗಿ ಹಿಂದಕ್ಕೆ ಉರುಳಿಸಿ, ಪುನಃ ಮುಂದಕ್ಕೆ ತಂದು ನಿಲ್ಲಿಸಬೇಕಾಯಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ನೆರೆಯವರು, ಕಾರು ಮಾರಾಟವಾಯಿತೆ ಎಂದು ವಿಚಾರಿಸಿದರು. ಯಾರೂ ಉತ್ತರಿಸಲಿಲ್ಲ.

ಇನ್ನುಳಿದುದು ಒಂದು 12 ವೋಲ್ಟಿನ ಬಲ್ಬು, ಎರಡು ತಂತಿ. ಒಂದು ತುದಿ ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ಸಣ್ಣ ತಂತಿಯ ಮೊಳೆಗೆ, ಇನ್ನೊಂದು ಎಂಜಿನ್ನಿನ ಮೈಗೆ. ಸ್ವಿಚ್ಚು ಹಾಕಿ, ಬಿಗಿಮೊಳೆ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹೊರಳಿಸಿದರೆ ಪಾಯಿಂಟು ತೆರೆದ ಕ್ಷಣಕ್ಕೆ ಬಲ್ಬು ಹತ್ತುತ್ತದೆ. ಬಲ್ಬಿಲ್ಲದ ಹಳೆಯ ಮೆಕ್ಯಾನಿಕರು ಸಿಗರೇಟಿನ ತೆಳುಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಅದು ಸಡಿಲವಾಗಿ ಕೈಗೆ ಬರುವ ಗಳಿಗೆಯನ್ನು ಹಿಡಿಯುತ್ತಿದ್ದರು. ರಾಯರ ಮನೆಯಲ್ಲಿ ಸಿಗರೇಟಿಗೆ ಪ್ರವೇಶವಿಲ್ಲ. ಬಲ್ಬು ಹತ್ತಿತು. ಹುಡುಗಿ ಚಪ್ಪಾಳೆ ತಟ್ಟಿದಳು. ರಾಯರು, ಇರಲಿ ಎಂದು ರೋಟರಿನ ಗತಿಗೆ ಎದುರಾಗಿ ಇನ್ನೊಂದಿಷ್ಟು ಹೊರಳಿಸಿ ಬಿಗಿದರು. ಅಲ್ಲಿ ಇಟ್ಟ ಒಂದು ಡಿಗ್ರಿ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿಯಾಗುವುದನ್ನು ಅವರು ಆ ಸಂಭ್ರಮದಲ್ಲಿ ಮರೆತಿರಬೇಕು.

ಎಂಜಿನ್ನು ಮೊದಲ ಯತ್ನಕ್ಕೇ ಎದ್ದಿತು. ಮನೆಯಾಕೆ ಹಣ್ಣುಕಾಯಿಯ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಬೆಟ್ಟದ ಮೊದಲ ಏರಿನಲ್ಲಿಯೇ ರಾಯರು ಬೇಕೆಂದೇ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಅದುಮಿದಾಗ ಸದ್ದು ಕೇಳಿತು. ಹಿತ್ತಾಳೆಯ ಡಬರಿಯಲ್ಲಿ ಹುಣಿಸೆಬೀಜ ಉದುರಿದಂತೆ ಸಣ್ಣ ಕಿಣಿಕಿಣಿ. ಗ್ಯಾರೇಜಿನವರು ಇದನ್ನು ನಾಕಿಂಗ್ ಎನ್ನುತ್ತಾರೆ. ಕಿಡಿ ಅತಿಯಾಗಿ ಮುಂದಾದಾಗ, ಉಳಿದ ಮಿಶ್ರಣ ಜ್ವಾಲೆ ತಲಪುವ ಮೊದಲೇ ಬಿಸಿಗೂ ಒತ್ತಡಕ್ಕೂ ತಾನಾಗಿ ಸಿಡಿಯುವ ಸದ್ದು ಅದು. ಕೇಳಿಯೂ ಕೇಳದಂತೆ ಓಡಿಸಿದರೆ ಪಿಸ್ಟನ್ನಿನ ನೆತ್ತಿ ತೂತುಬೀಳುವವರೆಗೂ ಹೋದೀತು. ಹೊಸ ಕಾರುಗಳಲ್ಲಿ ಈ ಸದ್ದನ್ನು ಆಲಿಸಲು ಪ್ರತ್ಯೇಕ ಸಾಧನವಿದ್ದು, ಕಿಡಿಯನ್ನು ಕಂಪ್ಯೂಟರೇ ಹಿಂದಕ್ಕೆ ಸರಿಸುತ್ತದೆ. ಹಳೆಯ ಕಾರಿಗೆ ಓಡಿಸುವವನ ಕಿವಿಯೇ ಗತಿ. ಪುಸ್ತಕದ ಗುರುತು ಆ ಕಾಲದ ಪೆಟ್ರೋಲಿಗೆ ಬರೆದದ್ದು. 2000ದಲ್ಲಿ ಪೆಟ್ರೋಲಿನಿಂದ ಸೀಸವೇ ಹೋಯಿತು. ಹಾಗಾಗಿ ಗುರುತಿನಿಂದ ಹೊರಟು ಏರಿನಲ್ಲಿ ತಿದ್ದುವುದೇ ಕ್ರಮ.

ರಾಯರು ತಿರುವಿನಲ್ಲಿ ಕಾರು ನಿಲ್ಲಿಸಿದರು. “ನಿಂತೇಹೋಯಿತೆ?” ಎಂದರು ಮನೆಯಾಕೆ.

“ಇಲ್ಲ ಅಜ್ಜಿ, ತಾತನ ಅವಸರವನ್ನು ಸ್ವಲ್ಪ ಇಳಿಸುತ್ತಿದ್ದೇವೆ,” ಎಂದು ಮೊಮ್ಮಗಳು ಸ್ಪ್ಯಾನರ್ ಹಿಡಿದು ತಾನೇ ಬಾನೆಟ್ಟಿನೊಳಗೆ ಬಾಗಿದಳು. ಕೂದಲೆಳೆಯಷ್ಟು ಹಿಂದಕ್ಕೆ, ಮತ್ತೆ ಬಿಗಿ, ಮತ್ತೆ ಏರು. ಒಮ್ಮೆ, ಕಾಲು ಒತ್ತಿದ ಕ್ಷಣದಲ್ಲಿ ಮಾತ್ರ, ಬೀಜವೊಂದೆರಡು ಉದುರಿದಂತಾಗಿ ಸುಮ್ಮನಾಯಿತು. ಅನಂತರ ಎಂಜಿನ್ನಿನ ಗುಂಯ್‌ಗುಡುವಿಕೆಯ ಹೊರತು ಬೇರೆ ಸದ್ದಿರಲಿಲ್ಲ. ನೀರು ಕುದಿಯಲಿಲ್ಲ. ಗೋಪುರ ಕಾಣಿಸಿತು.

ಸೋಮವಾರ ಬೆಳಗ್ಗೆ ಗುಜರಿಯವನು ಗೇಟಿನ ಬಳಿ ಬಂದು ಕೂಗಿದಾಗ ಮನೆಯಾಕೆ ಹಳೆಯ ಪತ್ರಿಕೆಗಳ ಕಟ್ಟನ್ನು ಮಾತ್ರ ತೂಕಕ್ಕೆ ಹಾಕಿದರು.