‘ಹಿ’ ಅಂದರೆ ಯಾರು?

ಮಕ್ಕಳೇ, ಈ ವಾರ ಪೊಲೀಸ್ ಠಾಣೆ, ಕೋರ್ಟು, ಜೈಲುಗಳ ಇಂಗ್ಲಿಷ್. ಹೆದರಿಕೆ ಬೇಡ, ಅಜ್ಜ-ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೂ ಈ ಪಾಠ ಗೊತ್ತು. ‘ಡೈರೆಕ್ಟ್-ಇಂಡೈರೆಕ್ಟ್’ ಅಂತ ನಮ್ಮ ಕಾಲದಲ್ಲೂ ಮಾರ್ಕು ಸೋರುತ್ತಿದ್ದ ಜಾಗವದು. ಈಗ ‘ರಿಪೋರ್ಟೆಡ್ ಸ್ಪೀಚ್’ ಅನ್ನುತ್ತಾರೆ.

ಮೊದಲು ಶಬ್ದಗಳು. ‘ಸ್ಟೀಲ್’ ಮಾಡುವುದು ವಸ್ತುವನ್ನು, ‘ರಾಬ್’ ಮಾಡುವುದು ಮನುಷ್ಯನನ್ನೋ ಬ್ಯಾಂಕನ್ನೋ. ‘ದೇ ಸ್ಟೋಲ್ ದ ಬ್ಯಾಂಕ್’ ಅಂತ ಬರೆದರೆ ಕಳ್ಳರು ಕಟ್ಟಡವನ್ನೇ ಹೊತ್ತುಕೊಂಡು ಹೋದ ಹಾಗಾಯಿತು! ಐದು ಅಥವಾ ಹೆಚ್ಚು ಜನ ಸೇರಿ ದರೋಡೆ ಮಾಡಿದರೆ ಅದು ‘ಡಕಾಯಿಟಿ’. ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದ ಶಬ್ದ. 1860ರ ಇಂಡಿಯನ್ ಪೀನಲ್ ಕೋಡ್‌ನಲ್ಲಿತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಬಾಲಂಗೋಚಿಗಳನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ಅಕ್ಯೂಸ್ಡ್ ‘ಆಫ್’, ಚಾರ್ಜ್ಡ್ ‘ವಿತ್’, ಸೆಂಟೆನ್ಸ್ಡ್ ‘ಟು’. ‘ಪ್ಲೀಡ್ ಗಿಲ್ಟಿ’ ಅಂದರೆ ಕೋರ್ಟಿನಲ್ಲಿ ‘ಹೌದು, ನಾನೇ ಮಾಡಿದ್ದು’ ಅನ್ನುವುದು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿ ಹಾಗೆಯೇ ಹೇಳಿ ಆರು ವರ್ಷದ ಶಿಕ್ಷೆ ಪಡೆದರು.

ಇನ್ನು ವ್ಯಾಕರಣ. ಕನ್ನಡ ಸುಲಭ, ‘ನಾನು ಕದ್ದಿಲ್ಲ’ ಎಂಬ ಮಾತಿಗೆ ‘ಅಂತ ಹೇಳಿದ’ ಸೇರಿಸಿದರೆ ಮುಗಿಯಿತು. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ‘ಅಂತ’ದ ಜಾಗದಲ್ಲಿ ‘ಹೇಳಿ’ ಬರುತ್ತದೆ: ‘ಬತ್ತಿ ಹೇಳಿ ಹೇಳ್ದ’. ಇಂಗ್ಲಿಷಿನಲ್ಲಿ ಕಾಲ ಒಂದು ಹೆಜ್ಜೆ ಹಿಂದೆ ಸರಿಯಬೇಕು. ‘ಹ್ಯಾವ್ ನಾಟ್ ಸ್ಟೋಲನ್’ ಹೋಗಿ ‘ಹ್ಯಾಡ್ ನಾಟ್ ಸ್ಟೋಲನ್’. ‘ಡಿನೈ’ ಬಂದಾಗಂತೂ ಜೋಪಾನ. ‘ಕದ್ದಿಲ್ಲ ಎಂದು ನಿರಾಕರಿಸಿದ’ ಅಂತ ನಾವು ಬರೆಯುತ್ತೇವೆ, ಎಲ್ಲರಿಗೂ ಸರಿಯಾಗಿಯೇ ಅರ್ಥವಾಗುತ್ತದೆ. ಅದನ್ನೇ ‘ಹಿ ಡಿನೈಡ್ ದಟ್ ಹಿ ಹ್ಯಾಡ್ ನಾಟ್ ಸ್ಟೋಲನ್’ ಮಾಡಿದಿರೋ, ಪಾಪದ ಹುಡುಗ ಕಳ್ಳನಾದ! ‘ಡಿನೈಡ್’ನ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇದೆ. ‘ಹಿ ಡಿನೈಡ್ ಸ್ಟೀಲಿಂಗ್’ ಅಂದರೆ ಸಾಕು.

ಎಲ್ಲಕ್ಕಿಂತ ಕಷ್ಟದ್ದು ‘ಹಿ’. ನಾನು ಗುಮಾಸ್ತನಾಗಿದ್ದ ಒಂದು ಶಾಖೆಯಲ್ಲಿ ಒಂದು ಸಂಜೆ ನೋಟಿನ ಒಂದು ಕಟ್ಟು ಕಡಿಮೆ ಬಂತು. ಮರುದಿನ ಬೇರೆ ಡ್ರಾಯರಿನಲ್ಲಿ ಸಿಕ್ಕಿತು. ಆದರೂ ವಿಚಾರಣೆ ಬಿಡಲಿಲ್ಲ. ನಮ್ಮ ಜವಾನ ಹೇಳಿಕೆ ಕೊಟ್ಟ: ‘ಕ್ಯಾಶಿಯರ್ ಸಾಹೇಬ್ರಿಗೆ ಹೇಳಿದ್ದೆ, ಕಟ್ಟನ್ನ ನೀವು ಆ ಡ್ರಾಯರಿಗೆ ಹಾಕಿದ್ರಿ ಅಂತ.’ ಮೇಲಿನ ಕಚೇರಿಗೆ ಹೋದ ವರದಿಯಲ್ಲಿ ಅದು ಹೀಗಾಯಿತು: ‘ದ ಪ್ಯೂನ್ ಟೋಲ್ಡ್ ದ ಕ್ಯಾಶಿಯರ್ ದಟ್ ಹಿ ಹ್ಯಾಡ್ ಪುಟ್ ದ ಬಂಡಲ್ ಇನ್ ದಟ್ ಡ್ರಾಯರ್.’

ಮೇಷ್ಟ್ರು ಪೂರ್ತಿ ಮಾರ್ಕು ಕೊಡುವ ವಾಕ್ಯ. ಆದರೆ ‘ಹಿ’ ಯಾರು? ಮೇಲಿನವರು ಜವಾನನೇ ಅಂತ ಓದಿಕೊಂಡರು. ಅವನನ್ನು ಅಮಾನತು ಮಾಡಿದರು. ಇಂಗ್ಲಿಷ್ ಬಾರದ ಅವನು ಆ ಕಾಗದದ ಕೆಳಗೆ ತಾನೇ ಸಹಿ ಹಾಕಿದ್ದ. ಕನ್ನಡದ ಮೂಲ ಹೇಳಿಕೆ ಹುಡುಕಿ ತೆಗೆಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಅಷ್ಟು ದಿನ ಅವನ ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಏನೇನು ಕೇಳಿಸಿಕೊಂಡಳೋ. ಕೆಲಸವೇನೋ ವಾಪಸು ಸಿಕ್ಕಿತು.

ಕನ್ನಡದಲ್ಲಿ ಈ ಗೊಂದಲಕ್ಕೆ ಮದ್ದಿದೆ. ‘ತಾನು ಹಾಕಿದೆ’ ಅಂದರೆ ಹೇಳಿದವನೇ, ‘ನೀವು ಹಾಕಿದ್ರಿ’ ಅಂದರೆ ಎದುರಿಗಿದ್ದವನು. ಇಂಗ್ಲಿಷಿಗೆ ‘ತಾನು’ ಇಲ್ಲ. ಹಾಗಾಗಿ ಅನುಮಾನ ಬಂದಲ್ಲಿ ‘ಹಿ’ ಬಿಟ್ಟು ‘ದ ಕ್ಯಾಶಿಯರ್’ ಅಂತ ಇನ್ನೊಮ್ಮೆ ಬರೆಯಿರಿ. ಓದುವುದಕ್ಕೆ ಚಂದ ಕಾಣದಿದ್ದರೆ ಬೇಡ ಬಿಡಿ.

ಕೋರ್ಟಿಗೂ ರಿಪೋರ್ಟೆಡ್ ಸ್ಪೀಚ್ ಮೇಲೆ ಅಷ್ಟು ನಂಬಿಕೆಯಿಲ್ಲ. ಬಾಯಿಮಾತಿನ ಸಾಕ್ಷಿ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಬಂದು ಹೇಳಬೇಕು ಎಂದು 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಮು ಹೇಳುತ್ತಿತ್ತು. ಈಗಿನ ಹೊಸ ಕಾಯ್ದೆಯಲ್ಲೂ ಆ ನಿಯಮ ಉಳಿದಿದೆ. ‘ಅವನು ಕದ್ದ ಅಂತ ಇವನು ಹೇಳಿದ’ ಅಂದರೆ ‘ಹಿಯರ್‌ಸೇ’. ಕೆಲವು ವಿನಾಯಿತಿ ಬಿಟ್ಟರೆ ನಡೆಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ!

ಈ ವಾರದ ಅಭ್ಯಾಸ: ‘ರವಿ ಟೋಲ್ಡ್ ಗಣಪತಿ ದಟ್ ಹಿ ಹ್ಯಾಡ್ ಬ್ರೋಕನ್ ದ ವಿಂಡೋ.’ ರವಿಯ ಬಾಯಲ್ಲಿ ಬಂದಿರಬಹುದಾದ ಎರಡೂ ಕನ್ನಡ ಮಾತುಗಳನ್ನು ಬರೆಯಿರಿ. ಒಂದನ್ನು ನೀವು, ಇನ್ನೊಂದನ್ನು ಅಜ್ಜ.