ಬ್ಯಾಟರಿ ಹೋದರೆ ಗೇಮ್ ಸಾಧನವನ್ನೇ ಎಸೆಯಬೇಕೆ?

ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೋನಿ ಪಿಎಸ್‌ಪಿ ಕೈಗೆ ಸಿಕ್ಕರೆ ಚಾರ್ಜರ್ ಹುಡುಕುವ ಮೊದಲು ಅದನ್ನು ಮಗುಚಿ ಬೆನ್ನು ನೋಡಬೇಕು. ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಒಂದು ಅಂಚಿನಲ್ಲಿ ಮೇಲೆದ್ದು ಬೆರಳಿಗೆ ತಗಲುತ್ತಿದ್ದರೆ ಒಳಗಿನ ಬ್ಯಾಟರಿ ಉಬ್ಬಿದೆ ಎಂದೇ ಅರ್ಥ. ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಒಳಗಿನ ದ್ರಾವಣ ವಿಘಟನೆಯಾಗಿ ಅನಿಲ ಹುಟ್ಟುತ್ತದೆ. ಆ ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಹೊದಿಕೆ ಉಬ್ಬುತ್ತದೆ. ಬಳಸದೆ ಇಟ್ಟರೂ ಹೀಗಾಗಬಹುದು. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇನ್ನೂ ಬೇಗ ಕೆಡುತ್ತದೆ. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪಿಎಸ್‌ಪಿ ಜಗತ್ತಿನಾದ್ಯಂತ ಸುಮಾರು ಎಂಟು ಕೋಟಿ ಮಾರಾಟವಾಗಿ 2014ರ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾಯಿತು. ಅವುಗಳೊಂದಿಗೆ ಬಂದ ಬ್ಯಾಟರಿಗಳೆಲ್ಲ ಇವತ್ತು ಮುದಿಯಾಗಿವೆ. ಆದರೆ ಪಿಎಸ್‌ಪಿಯ ಮುಚ್ಚಳವನ್ನು ಯಾವ ಉಪಕರಣವೂ ಇಲ್ಲದೆ ಬೆರಳಿನಿಂದಲೇ ಜಾರಿಸಿ ತೆಗೆಯಬಹುದು. ಉಬ್ಬಿದ ಬ್ಯಾಟರಿಯನ್ನು ಹೊರಗಿಟ್ಟು ಅಡಾಪ್ಟರ್ ಸಿಕ್ಕಿಸಿದರೆ ಇಪ್ಪತ್ತು ವರ್ಷ ಹಳೆಯ ಸಾಧನ ಬ್ಯಾಟರಿಯಿಲ್ಲದೆಯೇ ಆಟ ಶುರುಮಾಡುತ್ತದೆ.

ಅದರ ನಂತರ ಬಂದವುಗಳ ಕತೆ ಬೇರೆ. 2011ರ ಕೊನೆಗೆ ಬಂದ ಪಿಎಸ್ ವೀಟಾದಲ್ಲಿ ಬ್ಯಾಟರಿ ಒಳಗೆ ಸೇರಿಕೊಂಡಿತು. 2017ರಲ್ಲಿ ಬಂದು ಹದಿನೈದು ಕೋಟಿಗೂ ಮೀರಿ ಮಾರಾಟವಾದ ನಿಂಟೆಂಡೊ ಸ್ವಿಚ್‌ನ ಬೆನ್ನು ತೆರೆಯಬೇಕಾದರೆ ಮೂರು ರೆಕ್ಕೆಯ ತಲೆಯಿರುವ ಸ್ಕ್ರೂಗಳಿಗೆ ಹೊಂದುವ ಸ್ಕ್ರೂಡ್ರೈವರ್ ಬೇಕು. ಅದರ ಕೆಳಗೆ ಲೋಹದ ತಗಡು, ಅದರಡಿ ಅಂಟು ಹಾಕಿ ಕೂರಿಸಿದ 4310 ಎಂಎಎಚ್‌ನ ಬ್ಯಾಟರಿ. ಪರದೆ, ಗುಂಡಿಗಳು, ಸರ್ಕ್ಯೂಟ್ ಬೋರ್ಡ್ ಇವೆಲ್ಲ ದಶಕಗಳ ಕಾಲ ಬಾಳುತ್ತವೆ. ಇಡೀ ಸಾಧನದಲ್ಲಿ ಸವೆಯುತ್ತದೆ ಎಂದು ಮೊದಲೇ ಗೊತ್ತಿರುವುದು ಬ್ಯಾಟರಿ. ಸವೆಯುವ ಆ ಭಾಗವನ್ನೇ ಕೈಗೆಟುಕದಂತೆ ಇಡುವುದು ತಪ್ಪು. ಬ್ಯಾಟರಿಯನ್ನು ಮಾಲೀಕನೇ ಸಾಧಾರಣ ಸ್ಕ್ರೂಡ್ರೈವರ್‌ನಿಂದ ಬದಲಿಸಲು ಸಾಧ್ಯವಿರಬೇಕು, ಮತ್ತು ಇದನ್ನು ಕಂಪನಿಗಳ ಮರ್ಜಿಗೆ ಬಿಡದೆ ಭಾರತದ ಕಾನೂನೇ ಹೇಳಬೇಕು.

ಇದು ಆಗದ ಕೆಲಸವೇನಲ್ಲ, ಇತಿಹಾಸವೇ ಅದಕ್ಕೆ ಸಾಕ್ಷಿ. 1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್ ಓಡುತ್ತಿದ್ದದ್ದು ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ. ಸೆಲ್ ಸೋರಿ ತುಕ್ಕು ಹಿಡಿಯದಂತೆ ನೋಡಿಕೊಂಡಿದ್ದರೆ, ಇವತ್ತೂ ಬೀದಿ ಕೊನೆಯ ಅಂಗಡಿಯಿಂದ ನಾಲ್ಕು ಸೆಲ್ ತಂದು ಹಾಕಿ ಆಡಬಹುದು. ಚಾರ್ಜ್ ಮಾಡುವ ಬ್ಯಾಟರಿಗೆ ಬದಲಾದ ಮೇಲೂ ಅದೇ ಕಂಪನಿ ಈ ಗುಣವನ್ನು ಬಿಟ್ಟಿರಲಿಲ್ಲ. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, 2004ರ ಡಿಎಸ್ ಎರಡರಲ್ಲೂ ಒಂದು ಸ್ಕ್ರೂ ಬಿಚ್ಚಿದರೆ ಬ್ಯಾಟರಿ ಕೈಗೆ ಬರುತ್ತದೆ. ಹೀಗೆ ಗೊತ್ತಿದ್ದ ವಿದ್ಯೆಯನ್ನು ಕೈಬಿಡಲಾಗಿದೆ. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದ ಸೋನಿಗೂ ಅದರ ಆಯುಷ್ಯ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೆಗೆಯುವ ಬ್ಯಾಟರಿಗೆ ಗಟ್ಟಿ ಕವಚ ಮತ್ತು ಮುಚ್ಚಳ ಬೇಕು, ಸಾಧನ ದಪ್ಪವಾಗುತ್ತದೆ ಎಂಬ ಆಕ್ಷೇಪವಿದೆ. ಅದು ನಿಜ. ಆದರೆ ಎರಡು ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಒಂದೆರಡು ಮಿಲಿಮೀಟರ್ ದೊಡ್ಡ ಭಾರವಲ್ಲ. ಮಕ್ಕಳ ಕೈಗೆ ಬ್ಯಾಟರಿ ಸಿಗಬಾರದು ಎಂಬುದು ಇನ್ನೊಂದು, ಇದಕ್ಕಿಂತ ತೂಕದ ಆಕ್ಷೇಪ. ಅದಕ್ಕೆ ಡಿಎಸ್‌ನಲ್ಲಿದ್ದ ಆ ಒಂದು ಸ್ಕ್ರೂವೇ ಉತ್ತರ: ದೊಡ್ಡವರಿಗೆ ತೆರೆಯುತ್ತದೆ, ಮಗುವಿಗೆ ತೆರೆಯುವುದಿಲ್ಲ. ಅಪಾಯದ ಮಾತೇ ಮುಖ್ಯವಾದರೆ ಹೆಚ್ಚು ಅಪಾಯ ಅಂಟಿಸಿದ ಬ್ಯಾಟರಿಯಲ್ಲೇ ಇದೆ. ಒಳಗೆ ಅದು ಉಬ್ಬಿದ್ದು ಪರದೆ ಮೇಲೇಳುವವರೆಗೆ ಯಾರಿಗೂ ಕಾಣುವುದಿಲ್ಲ. ತೆಗೆಯಲು ಹೋದವರು ಅಂಟು ಬಿಡಿಸಲು ಚೂಪಾದ ಪಟ್ಟಿ ತೂರಿಸಿ ಎಬ್ಬಿಸಬೇಕು. ಅದರ ಮೊನೆ ಬ್ಯಾಟರಿಯ ತೆಳು ಹೊದಿಕೆಗೆ ಚುಚ್ಚಿದರೆ ಬೆಂಕಿ ಹತ್ತಿಕೊಳ್ಳಬಹುದು.

ತೆರೆಯಲು ಬಿಟ್ಟರೆ ಜನ ನಕಲಿ ಬ್ಯಾಟರಿ ಹಾಕಿಕೊಳ್ಳುತ್ತಾರೆ ಎಂದೂ ಹೇಳುತ್ತಾರೆ. ನಕಲಿಯ ಕಾಟ ಇರುವುದು ಹೌದು. ಮೊದಲ ಪಿಎಸ್‌ಪಿಯ ಅಸಲಿ ಬ್ಯಾಟರಿಯ ಸಾಮರ್ಥ್ಯ 1800 ಎಂಎಎಚ್. ಅಷ್ಟೇ ಗಾತ್ರದ ಡಬ್ಬಿಯ ಮೇಲೆ 3600 ಎಂದು ಅಚ್ಚೊತ್ತಿದ ಮಾಲು ಮಾರಾಟವಾಗುತ್ತಿದೆ. ಅಷ್ಟೇ ಜಾಗದಲ್ಲಿ ಇಮ್ಮಡಿ ಶಕ್ತಿ ಎಂಬ ಮಾತನ್ನು ನಂಬುವಂತಿಲ್ಲ. ಆದರೆ ಅಸಲಿ ಸಿಗದೆ ಹೋದಾಗ ಜನರಿಗೆ ನಕಲಿಯೇ ಗತಿಯಾಗುತ್ತದೆ. ಕಂಪನಿ ಬ್ಯಾಟರಿ ತಯಾರಿಕೆ ನಿಲ್ಲಿಸಿದ ಮೇಲೂ ಸಾಧನಗಳು ಜನರ ಬಳಿ ಉಳಿದಿರುತ್ತವೆ. ಅಧಿಕೃತ ಬಿಡಿಭಾಗ ನ್ಯಾಯವಾದ ಬೆಲೆಗೆ ಸಿಕ್ಕರೆ ಬೆಂಗಳೂರಿನ ಎಸ್‌ಪಿ ರಸ್ತೆಯ ರಿಪೇರಿ ಅಂಗಡಿಯವರೂ ಅದನ್ನೇ ಹಾಕಿಕೊಡುತ್ತಾರೆ.

ಆಟದ ಸಾಮಾನಿಗೆ ಕಾನೂನು ಏಕೆ, ಮೊಬೈಲ್‌ನಲ್ಲಿ ಆಡಿದರಾಯಿತಲ್ಲ ಎನ್ನುವವರಿದ್ದಾರೆ. ಈ ಸಾಧನಗಳ ಬೆಲೆ ಮಧ್ಯಮ ವರ್ಗದ ಮನೆಗೆ ಸಣ್ಣದಲ್ಲ. ಅಣ್ಣ ಆಡಿದ್ದು ತಮ್ಮನಿಗೆ, ಅಲ್ಲಿಂದ ಸೋದರತ್ತೆಯ ಮಗನಿಗೆ ದಾಟುವುದು ನಮ್ಮಲ್ಲಿ ರೂಢಿ. ಹಣ ಕೊಟ್ಟು ಕೊಂಡ ಆಟಗಳೂ ಆ ಸಾಧನಕ್ಕೇ ಅಂಟಿಕೊಂಡಿರುತ್ತವೆ. ಸುಸ್ಥಿತಿಯ ಯಂತ್ರವೊಂದು ಕಸವಾದರೆ ಭೂಮಿಯಿಂದ ಅಗೆದ ಲಿಥಿಯಂ, ತಾಮ್ರ, ಕೋಬಾಲ್ಟ್‌ಗಳೂ ಅದರ ಜೊತೆ ಕಸವಾಗುತ್ತವೆ.

ಯುರೋಪಿನ ಒಕ್ಕೂಟ ಇದನ್ನು ಅರಿತು 2023ರಲ್ಲಿ ಬ್ಯಾಟರಿ ಕಾನೂನು ತಂದಿದೆ. ಅದರಂತೆ 2027ರ ಫೆಬ್ರುವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ಬಿಸಿ ಮಾಡಿ ಅಥವಾ ರಾಸಾಯನಿಕ ಸುರಿದು ಬಿಡಿಸಬೇಕಾದ ಅಂಟು ಸಲ್ಲದು. ಕೊನೆಯ ಸಾಧನ ಮಾರುಕಟ್ಟೆಗೆ ಬಂದ ಐದು ವರ್ಷದವರೆಗಾದರೂ ಬ್ಯಾಟರಿ ಬಿಡಿಭಾಗವಾಗಿ ಸಿಗಬೇಕು. ನೀರಿನಲ್ಲಿ ಬಳಸುವಂಥ ಕೆಲವು ಸಾಧನಗಳಿಗೆ ಸಡಿಲಿಕೆಯುಂಟು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಸತ್ತ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಒಳ್ಳೆಯ ಹೆಜ್ಜೆಯೇ. ಆದರೆ ಸಾಧನದಿಂದ ಹೊರಬರದ ಬ್ಯಾಟರಿಯನ್ನು ಮನೆಯವರು ಸಂಗ್ರಹಕ್ಕೆ ಕೊಡುವುದು ಹೇಗೆ? ಅದೇ ವರ್ಷ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚರ್ಚೆಗೆ ಸಮಿತಿ ನೇಮಿಸಿ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನಗಳಿಗೆ ಆದ್ಯತೆ ಕೊಟ್ಟಿತು. ಆ ಪಟ್ಟಿಗೆ ಗೇಮ್ ಸಾಧನಗಳೂ ಸೇರಬೇಕು. ಯುರೋಪಿಗಾಗಿ ವಿನ್ಯಾಸ ಬದಲಿಸುವ ಕಂಪನಿ ಅದೇ ಸರಕನ್ನು ಇಲ್ಲಿಗೂ ಕಳಿಸುವಂತೆ ಕೇಳುವುದು ದೊಡ್ಡ ಬೇಡಿಕೆಯಲ್ಲ.

ಕಾನೂನು ಬರುವವರೆಗೆ ನಮ್ಮ ಕೈಲಾದದ್ದೂ ಇದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಹೊರತೆಗೆಯಲು ಬರುವಂತಿದ್ದರೆ ತೆಗೆದು, ಲೋಹದ ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಒಣಕಸದ ಚೀಲಕ್ಕೆ ಹಾಕಿದರೆ ಅದು ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹತ್ತಬಹುದು, ಅದರ ಬಿಸಿ ತಾಗುವುದು ಪೌರಕಾರ್ಮಿಕರಿಗೆ. ಇನ್ನೂ ಚೆನ್ನಾಗಿರುವ ಸಾಧನವನ್ನು ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಟ್ಟು ಆರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಮುಂದಿನ ಸಲ ಮಕ್ಕಳಿಗೆ ಹೊಸದನ್ನು ಕೊಡಿಸಲು ಅಂಗಡಿಗೆ ಹೋದಾಗ ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಇದರ ಬ್ಯಾಟರಿ ಹೋದರೆ ಬದಲಿಸುವುದು ಹೇಗೆ? ಉತ್ತರ ಸರಿಯಾಗಿ ಬರುವವರೆಗೆ ಹಣ ಕೊಡಬೇಡಿ.