ಉದ್ದೇಶ ಪತ್ರದಲ್ಲಿ ಅರ್ಜಿದಾರ ಎಲ್ಲಿ?

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಯಲಹಂಕ ಉಪನಗರದ ನಮ್ಮ ಬೀದಿಯಲ್ಲಿ ಒಂದೆರಡು ಮನೆಗಳ ದೀಪ ತಡರಾತ್ರಿಯವರೆಗೂ ಉರಿಯುತ್ತಿರುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಗಳು ಬಹುಮಟ್ಟಿಗೆ ಡಿಸೆಂಬರ್, ಜನವರಿ ತಿಂಗಳಲ್ಲೇ ಬರುತ್ತವೆ. ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಅಧ್ಯಾಪಕರ ಶಿಫಾರಸು ಪತ್ರ ಇವೆಲ್ಲ ಹೇಗೋ ಒದಗುತ್ತವೆ. ಮಕ್ಕಳು ತಡವರಿಸುವುದು ಒಂದೇ ಕಡೆ: ಏನನ್ನು ಓದಬೇಕೆಂದಿದ್ದೇನೆ, ಏಕೆ ಓದಬೇಕೆಂದಿದ್ದೇನೆ ಎಂಬುದನ್ನು ಒಂದೆರಡು ಪುಟಗಳಲ್ಲಿ ಹೇಳಬೇಕಾದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ನಲ್ಲಿ. ಮಕ್ಕಳ ಬಾಯಲ್ಲಿ ಅದು ‘ಎಸ್‌ಒಪಿ’. ನಾವು ಉದ್ದೇಶ ಪತ್ರ ಎನ್ನೋಣ.

ಕಳೆದ ವರ್ಷ ನೆರೆಮನೆಯ ಹುಡುಗಿಯೊಬ್ಬಳು ತನ್ನ ಪತ್ರದ ಕರಡನ್ನು ನನ್ನ ಬಳಿಗೆ ತಂದಳು. ಕೃಷಿ ಪದವೀಧರೆ, ಪರಿಸರ ಅರ್ಥಶಾಸ್ತ್ರ ಓದುವ ಆಸೆ. ಅರ್ಥಶಾಸ್ತ್ರದ ಎಂ.ಎ. ಪದವಿ ಮತ್ತು ಮೂರು ದಶಕಗಳ ಸರ್ಕಾರಿ ಸೇವೆಯ ಹಮ್ಮಿನಲ್ಲಿ ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆ. ಚಿಕ್ಕಬಳ್ಳಾಪುರದ ಕಡೆಯ ತನ್ನ ಅಜ್ಜಿಯ ಕೊಳವೆಬಾವಿಯ ಬಗ್ಗೆ ಆಕೆ ಬರೆದಿದ್ದ ಪ್ಯಾರಾ ‘ತೀರಾ ಮನೆಯ ಮಾತು’ ಅನಿಸಿತು, ಹೊಡೆದು ಹಾಕಿದೆ. ಆ ಜಾಗದಲ್ಲಿ ಸುಸ್ಥಿರ ಅಭಿವೃದ್ಧಿ, ಜಾಗತಿಕ ಹವಾಮಾನ ಸವಾಲು ಇತ್ಯಾದಿ ಘನವಾದ ಪದಗಳನ್ನು ಸೇರಿಸಿದೆ. ಎರಡು ದಿನ ಬಿಟ್ಟು ಬಂದವಳು ಸಂಕೋಚದಿಂದಲೇ ಹೇಳಿದಳು: ‘ಇಂಗ್ಲಿಷ್ ಚೆನ್ನಾಗಿದೆ ಅಂಕಲ್. ಆದರೆ ಇದರಲ್ಲಿ ನಾನೇ ಇಲ್ಲವಲ್ಲ.’

ಆ ಮಾತು ನನ್ನನ್ನು ನಾಟಿತು. ಏಕೆಂದರೆ ನನಗೆ ತಿಳಿದಿದ್ದ ಬರವಣಿಗೆಯೇ ಅಂಥದ್ದು. ಕಡತದ ಟಿಪ್ಪಣಿಯಲ್ಲಿ ‘ನಾನು’ ಎಂಬುದಿಲ್ಲ. ‘ಪರಿಶೀಲಿಸಲಾಗಿದೆ’, ‘ಕ್ರಮ ಕೈಗೊಳ್ಳಬಹುದಾಗಿದೆ’, ‘ಆದೇಶಕ್ಕಾಗಿ ಸಲ್ಲಿಸಿದೆ’ ಎನ್ನುವ ಭಾಷೆಯಲ್ಲಿ ಕರ್ತೃವೇ ಇರುವುದಿಲ್ಲ. ಆಡಳಿತಕ್ಕೆ ಅದು ತಕ್ಕದ್ದೂ ಹೌದು. ಆದರೆ ನಮ್ಮ ಶಾಲೆಗಳೂ ಮಕ್ಕಳಿಗೆ ಕಲಿಸುವುದು ಬಹುತೇಕ ಇದನ್ನೇ. ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡಿ ಬರೆದವರಿಗೆ ಪೂರ್ಣಾಂಕ. 1994ರಲ್ಲಿ ಸಿಇಟಿ ವ್ಯವಸ್ಥೆ ಬಂದಾಗ ವೃತ್ತಿಶಿಕ್ಷಣದ ಸೀಟು ಹಂಚಿಕೆ ಪಾರದರ್ಶಕವಾಯಿತು. ಅದು ನಿಜಕ್ಕೂ ದೊಡ್ಡ ಸುಧಾರಣೆ. ರ‍್ಯಾಂಕ್‌ಗೆ ಜಾತಿ, ಶಿಫಾರಸು, ಮಾತಿನ ಚಾತುರ್ಯ ಯಾವುದೂ ಬೇಕಿಲ್ಲ. ಆದರೆ ‘ಇದನ್ನು ಏಕೆ ಓದುತ್ತೀಯ?’ ಎಂದು ಆ ವ್ಯವಸ್ಥೆ ಯಾರನ್ನೂ ಕೇಳುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಪ್ರಶ್ನೆ ಎದುರಾದಾಗ ನಮ್ಮ ಮಕ್ಕಳು ಬೆಚ್ಚಿಬೀಳುವುದು ಸಹಜ.

ಈ ಭಯವೇ ಒಂದು ಮಾರುಕಟ್ಟೆಯನ್ನು ಸೃಷ್ಟಿಸಿದೆ. ಇಷ್ಟು ಹಣ ಕೊಟ್ಟರೆ ಉದ್ದೇಶ ಪತ್ರ ಮಾತ್ರವಲ್ಲ, ಶಿಫಾರಸು ಪತ್ರವನ್ನೂ ಸಿದ್ಧಪಡಿಸಿಕೊಡುವವರು ನಗರದಲ್ಲಿದ್ದಾರೆ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಅಧ್ಯಾಪಕರೂ ಇದ್ದಾರೆ. ಸೇವೆಯಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಒಮ್ಮೆ ನನ್ನ ಪಾಲಿಗೂ ಬಂದಿತ್ತು. ಬೇರೆ ಬೇರೆ ಊರಿನ, ಬೇರೆ ಬೇರೆ ವಿಷಯದ ಅಭ್ಯರ್ಥಿಗಳು ‘ಬಾಲ್ಯದಿಂದಲೂ ನನಗೆ ಅಪಾರ ಆಸಕ್ತಿ’ ಎಂಬ ಒಂದೇ ವಾಕ್ಯದಿಂದ ಆರಂಭಿಸಿದ್ದರು. ಹತ್ತನೇ ಅರ್ಜಿಯ ಹೊತ್ತಿಗೆ ನಾವು ಆ ಭಾಗ ಓದುವುದನ್ನೇ ಬಿಟ್ಟು ಅಂಕಪಟ್ಟಿಯತ್ತ ತಿರುಗಿದೆವು. ಅವರಲ್ಲಿ ನಿಜವಾದ ಆಸಕ್ತಿ ಇದ್ದವರಿಗೂ ಅಂದು ಅನ್ಯಾಯವಾಗಿರಬಹುದು ಎಂದು ಈಗ ಅನಿಸುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಇದೆ. 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೈಕೆಲ್ ಸ್ಪೆನ್ಸ್ 1973ರಷ್ಟು ಹಿಂದೆಯೇ ಸಂಕೇತಗಳ ಸಿದ್ಧಾಂತವನ್ನು ಮಂಡಿಸಿದ್ದರು. ಎದುರಿಗಿರುವವನ ಸಾಮರ್ಥ್ಯ ನಮಗೆ ನೇರವಾಗಿ ಕಾಣದಿದ್ದಾಗ ನಾವು ಸಂಕೇತಗಳನ್ನು ನೆಚ್ಚುತ್ತೇವೆ. ಆದರೆ ಸಮರ್ಥನಿಗೂ ಅಸಮರ್ಥನಿಗೂ ಆ ಸಂಕೇತ ಒಂದೇ ಬೆಲೆಗೆ ದೊರೆಯುವಂತಾದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೊಂಡು ತಂದ ಉದ್ದೇಶ ಪತ್ರದ ಸ್ಥಿತಿ ಇದೇ. ಅದು ಅನೈತಿಕ ಎಂಬುದು ಒಂದು ಮಾತು. ನಿರುಪಯುಕ್ತ ಎಂಬುದು ಇನ್ನೊಂದು. ಈಗಂತೂ ಚಾಟ್‌ಜಿಪಿಟಿಯಂಥ ಸಾಧನಗಳು ನಯವಾದ ಇಂಗ್ಲಿಷನ್ನು ಬಹುತೇಕ ಪುಕ್ಕಟೆಯಾಗಿ ಒದಗಿಸುತ್ತಿವೆ. ಎಲ್ಲರ ಬಳಿಯೂ ಇರುವ ನಯಕ್ಕೆ ಬೆಲೆ ಎಲ್ಲಿಂದ ಬರಬೇಕು? ಬ್ರಿಟನ್ನಿನಲ್ಲಿ ಪದವಿ ಪ್ರವೇಶ ನಿರ್ವಹಿಸುವ ‘ಯುಕಾಸ್’ ಸಂಸ್ಥೆ 2026ರ ಪ್ರವೇಶದಿಂದ ಉದ್ದನೆಯ ಸ್ವವಿವರದ ಬದಲು ಮೂರು ನೇರ ಪ್ರಶ್ನೆಗಳನ್ನಿಟ್ಟಿದೆ: ಈ ವಿಷಯ ಏಕೆ, ನಿಮ್ಮ ಓದು ಇದಕ್ಕೆ ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಉದ್ದೇಶ ಪತ್ರದಲ್ಲಿ ಹುಡುಕುವುದೂ ಇದನ್ನೇ.

ಹಾಗಾದರೆ ಬೆಲೆಯುಳ್ಳದ್ದು ಯಾವುದು? ಇನ್ನೊಬ್ಬರು ಬರೆಯಲಾಗದ ವಿವರ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಅವರ ಜೊತೆಗಿದ್ದುದು ಕೊಡಗಿನಲ್ಲಿ ತಾವೇ ಓಡಾಡಿ ಸಂಗ್ರಹಿಸಿದ ಮಾಹಿತಿ. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಅದರಿಂದಲೇ ಸಮಾಜಶಾಸ್ತ್ರಕ್ಕೆ ದೊರಕಿತು. ಜಗತ್ತಿಗೆ ಹೊಸದಾಗಿ ಕಂಡದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ ಇತ್ತು.

ನಮ್ಮ ಹುಡುಗಿಯ ಅಜ್ಜಿಯ ಕೊಳವೆಬಾವಿಯೂ ಅಂಥದ್ದೇ ಎಂದು ನನಗೆ ಹೊಳೆದದ್ದು ತಡವಾಗಿ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂಬ ಕೂಗು ಆ ಭಾಗದಲ್ಲಿ ಬಹುಕಾಲದಿಂದ ಇದೆ. ಬತ್ತಿದ್ದ ಬಾವಿಯಲ್ಲಿ ನೀರು ಬಂತು. ತರಕಾರಿ ಬೆಳೆಯುವ ಅಜ್ಜಿ ಆ ನೀರನ್ನು ಕುಡಿಯುವುದಿಲ್ಲ. ಹಾಗಾದರೆ ಆ ನೀರಿನ ಬೆಲೆಯನ್ನು ಲೆಕ್ಕ ಹಾಕುವುದು ಹೇಗೆ, ಲಾಭ ಯಾರಿಗೆ, ಅಪಾಯ ಯಾರಿಗೆ? ನಾನು ಹೊಡೆದು ಹಾಕಿದ ಪ್ಯಾರಾದಲ್ಲಿ ಇದ್ದುದು ಇದೇ ಪ್ರಶ್ನೆ. ಮೂರು ದಶಕ ಕಡತ ನೋಡಿದವನಿಗೆ ಅದು ಮನೆಯ ಮಾತಾಗಿ ಕಂಡಿತ್ತು.

ಆದ್ದರಿಂದ ಅರ್ಜಿ ಬರೆಯುವ ಮಕ್ಕಳಿಗೆ ಕೆಲವು ಮಾತು. ಮೊದಲ ಕರಡನ್ನು ಕನ್ನಡದಲ್ಲೇ, ಅಥವಾ ಮನೆಯಲ್ಲಿ ಆಡುವ ಯಾವುದೇ ಭಾಷೆಯಲ್ಲಿ ಬರೆಯಿರಿ. ಸುಳ್ಳು ಗಾಂಭೀರ್ಯ ಅಲ್ಲಿ ತಾನಾಗಿಯೇ ಉದುರಿಹೋಗುತ್ತದೆ. ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಲಿ: ನನ್ನನ್ನು ಕಾಡುವ ಪ್ರಶ್ನೆ ಯಾವುದು, ಅದರ ಬೆನ್ನು ಹತ್ತಿ ಈವರೆಗೆ ಏನು ಮಾಡಿದೆ, ಈ ವಿಭಾಗವೇ ಏಕೆ, ಕಲಿತು ಏನು ಮಾಡುವೆ. ಮೂರನೆಯದಕ್ಕೆ ವಿಶ್ವವಿದ್ಯಾಲಯದ ಕೀರ್ತಿಯನ್ನು ಹೊಗಳಬೇಡಿ, ಅದು ಅವರಿಗೆ ಗೊತ್ತು; ಅಲ್ಲಿನ ಒಬ್ಬಿಬ್ಬರು ಪ್ರಾಧ್ಯಾಪಕರ ಲೇಖನವನ್ನು ನಿಜಕ್ಕೂ ಓದಿ, ನಿಮ್ಮ ಪ್ರಶ್ನೆಗೆ ಅದರ ಸಂಬಂಧವೇನೆಂದು ಹೇಳಿ. ನಾಲ್ಕನೆಯದಕ್ಕೆ ದೊಡ್ಡ ಘೋಷಣೆ ಬೇಡ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1960ರಲ್ಲಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ತಾವು ಪಾಠ ಹೇಳುತ್ತಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿದರು. ಪಾಠ ಹೇಳುತ್ತೇನೆ ಎಂಬುದೂ ಒಂದು ಉದ್ದೇಶವೇ. ಒಂದು ಸೆಮಿಸ್ಟರ್‌ನಲ್ಲಿ ಅಂಕ ಕುಸಿದಿದ್ದರೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ.

ಇಂಗ್ಲಿಷ್ ಹಿಡಿತವಿಲ್ಲದ ಸರ್ಕಾರಿ ಕಾಲೇಜಿನ ಹುಡುಗ ಏನು ಮಾಡಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ನೆರವು ತಪ್ಪಲ್ಲ. ವ್ಯಾಕರಣ ತಿದ್ದುವುದು ನೆರವು. ವಿಷಯವನ್ನೇ ತಾನು ಬರೆದು ಕೊಡುವುದು ನೆರವಲ್ಲ. ಆ ಗೆರೆಯನ್ನು ನಾನೂ ದಾಟಿದ್ದೆ, ಒಂದು ಪೈಸೆ ಪಡೆಯದೆ. ಓದದೆ ಸಹಿ ಹಾಕಬಾರದು ಎಂಬುದು ಕಚೇರಿಯಲ್ಲಿ ನಾವು ಕಲಿತ ಮೊದಲ ಪಾಠ. ತಾನು ಬರೆಯದ ಬದುಕಿಗೆ ಮಗು ಸಹಿ ಹಾಕುವಂತೆ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ಕಾಲೇಜುಗಳು ಅಂತಿಮ ವರ್ಷದಲ್ಲಿ ವಾರಕ್ಕೊಂದು ಗಂಟೆಯನ್ನಾದರೂ ಸ್ವಂತ ಬರವಣಿಗೆಗೆ ಮೀಸಲಿಟ್ಟು, ಅಧ್ಯಾಪಕರು ಅದನ್ನು ಓದಿ ತಿದ್ದಿದರೆ, ಹಣ ಕೊಡಲಾಗದ ಮನೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ನೆರೆಮನೆಯ ಹುಡುಗಿ ಕೊನೆಗೆ ಕಳುಹಿಸಿದ್ದು ತನ್ನ ಮೂಲ ಕರಡನ್ನೇ. ನಾನು ತಿದ್ದಿದ ಕಾಗುಣಿತವನ್ನಷ್ಟೇ ಉಳಿಸಿಕೊಂಡು. ಅದನ್ನು ಬರೆಯುವ ಮುನ್ನ ಇನ್ನೊಮ್ಮೆ ಊರಿಗೆ ಹೋಗಿ, ಅಕ್ಕಪಕ್ಕದ ತೋಟಗಳಲ್ಲಿ ಯಾರ ಬಾವಿಯಲ್ಲಿ ಎಷ್ಟು ಅಡಿಗೆ ನೀರಿದೆ ಎಂದು ಕೇಳಿ ಬರೆದುಕೊಂಡು ಬಂದಿದ್ದಳು. ಪ್ರವೇಶ ಸಿಗಲಿ, ಬಿಡಲಿ, ಆ ಪಟ್ಟಿ ಅವಳ ಬಳಿ ಇದೆ. ಓದು ಆರಂಭವಾಗಿದ್ದು ಅಲ್ಲಿಂದಲೇ.